ಎರಡನೇ ಗ್ಲಾಸು

ಹೇಕಿಚಿ ಓಗುನಿ ಬೆಳಗಿನ ಮಿಸೊ ಸಾರಿನ ಬಟ್ಟಲನ್ನು ಮೂಗಿನ ಹತ್ತಿರ ತಂದ. ವಾಸನೆ ಬರಲಿಲ್ಲ. ಇನ್ನೂ ಹತ್ತಿರ ತಂದ. ಮೂಗಿನ ತುದಿ ಸಾರಿನಲ್ಲಿ ಅದ್ದಿ ಚುರ್ರೆಂದಿತೇ ಹೊರತು ವಾಸನೆ ಮಾತ್ರ ಬರಲಿಲ್ಲ.

"ಸುಮಿಯೆ, ಬರೀ ಬಿಸಿನೀರು ಕೊಟ್ಟಿದೀಯಲ್ಲೇ!"

ಹೆಂಡತಿ ಬಂದು ಬಟ್ಟಲೊಳಗೆ ಇಣುಕಿದಳು. "ತೋಫು ತೇಲ್ತಿರೋದು ಕಾಣಲ್ವಾ? ಬಿಸಿನೀರಿಗೆ ತೋಫು ಹಾಕೋಕೆ ನನಗೇನು ತಲೆ ಕೆಟ್ಟಿದೆಯಾ?"

ಓಗುನಿ ಉತ್ತರ ಕೊಡಲು ಬಾಯಿ ತೆರೆದ. ಉತ್ತರದ ಬದಲು ಸೀನು ಬಂತು. ಅದರ ಬೆನ್ನಿಗೇ ಇನ್ನೊಂದು. ಆಮೇಲೆ ಬಂದದ್ದು ಎಂಥದ್ದೆಂದರೆ, ಗೋಡೆಯ ಕ್ಯಾಲೆಂಡರಿನ ಹಾಳೆ ಮಾರ್ಚಿನಿಂದ ಏಪ್ರಿಲಿಗೆ ಮಗುಚಿ ಮತ್ತೆ ಮಾರ್ಚಿಗೆ ಬಂದು ಕೂತಿತು.

ಸುಮಿಯೆ ಕಿಟಕಿ ಸರಿಸಿದಳು. ಕಮಿಸುಗಿ ಊರಿನ ಸುತ್ತ ಎತ್ತ ನೋಡಿದರೂ ದೇವದಾರು ಮರಗಳ ಗುಡ್ಡ. ಗಾಳಿ ಬೀಸಿದಾಗಲೆಲ್ಲ ಗುಡ್ಡಕ್ಕೆ ಬೆಂಕಿ ಬಿದ್ದಂತೆ ಹಳದಿ ಪರಾಗ ಎದ್ದು ಊರ ಮೇಲೆ ಇಳಿಯುತ್ತದೆ. ಅರ್ಧ ಊರೇ ಈ ಕಾಲದಲ್ಲಿ ಮಾಸ್ಕು ಹಾಕಿಕೊಂಡು ಸೀನುತ್ತಾ ಓಡಾಡುತ್ತದೆ. ಸುಮಿಯೆಯೂ ಮದುವೆಯಾದಾಗಿನಿಂದ ಸೀನುತ್ತಿದ್ದಾಳೆ.

"ಬಂತು ನೋಡಿ ನಿಮಗೂ!" ಎಂದಳು. ಲಾಟರಿ ಹೊಡೆದವಳ ಮುಖದಲ್ಲೂ ಅಷ್ಟು ಸಂತೋಷ ಇರುವುದಿಲ್ಲ. "ಹೋದ ವಾರ ತಾನೇ ನನಗೆ ಏನಂದ್ರಿ? ಮೂಗು ಅನ್ನೋದು ಮನಸ್ಸಿನ ಹತೋಟೀಲಿರ್ಬೇಕು, ಪರಾಗದ ಕಾಟ ಎಲ್ಲ ಸೋಮಾರಿಗಳಿಗೆ ಅಂತ."

"ಇದು ಪರಾಗ ಅಲ್ಲ ಕಣೆ. ಮೆಣಸಿನ ಪುಡಿ ಹಾರಿರ್ಬೇಕು."

"ಮನೇಲಿ ಮೆಣಸು ಮುಗಿದು ವಾರ ಆಯ್ತು. ತನ್ನಿ ಅಂತ ನಿಮಗೇ ಹೇಳಿದ್ದೆ."

ಓಗುನಿ ತಲೆ ಮೇಲೆ ಕೈ ಹೊತ್ತು ಕೂತ. ಅವನಿಗೆ ಮೂಗು ಹೋಯಿತೆಂದರೆ ಹಾಡುಗಾರನಿಗೆ ಗಂಟಲು ಹೋದಂತೆ. ಊರಾಚೆಯ ಹನಾವ ವಿಸ್ಕಿ ಭಟ್ಟಿಯಲ್ಲಿ ಅವನು ಸಹಾಯಕ ಬ್ಲೆಂಡರ್. ವರ್ಷಗಟ್ಟಲೆ ಪೀಪಾಯಿಗಳಲ್ಲಿ ಮಲಗಿದ ವಿಸ್ಕಿಯನ್ನು ಮೂಸಿ, ಯಾವುದು ಹಣ್ಣಾಗಿದೆ, ಯಾವುದು ಇನ್ನೂ ಕಾಯಿ, ಯಾವುದನ್ನು ಯಾವುದರ ಜೊತೆ ಬೆರೆಸಬೇಕು ಎಂದು ತೀರ್ಪು ಹೇಳುವ ಕೆಲಸ. ತೀರ್ಪು ಹೇಳುವವರು ಮುಖ್ಯ ಬ್ಲೆಂಡರ್ ತೊಕುಮಾರು. ಅವರು ಮೂಸುವಾಗ ಪಕ್ಕದಲ್ಲಿ ನಿಂತು ಮೂಸುವವನು ಓಗುನಿ. ಈವತ್ತು ತೊಕುಮಾರು ನಿವೃತ್ತರಾಗುತ್ತಿದ್ದರು. ಭಟ್ಟಿಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ ಒಂದೇ ಒಂದು ಪೀಪಾಯಿಯನ್ನು ಆರಿಸಿ ಬಾಟಲಿಗೆ ತುಂಬುವುದಿತ್ತು. ಆ ಪೀಪಾಯಿಯನ್ನು ಮೂಸಿ ಆರಿಸುವ ಪರೀಕ್ಷೆ ಓಗುನಿಗೆ. ಗೆದ್ದರೆ ಗುರುಗಳ ಕುರ್ಚಿ ಅವನದು. ಸೋತರೆ ಟೋಕಿಯೊದಿಂದ ಯಾರನ್ನೋ ಕರೆಸುತ್ತಾರೆ, ಇವನು ಸಾಯುವವರೆಗೆ ಸಹಾಯಕ.

"ಹುಷಾರಿಲ್ಲ ಅಂತ ಹೇಳಿ, ನಾಳೆಗೆ ಹಾಕಿಸಿಕೊಳ್ಳಿ," ಎಂದಳು ಸುಮಿಯೆ.

"ಪರಾಗ ಹಿಡಿದ ಬ್ಲೆಂಡರನ್ನ ಯಾರಾದ್ರೂ ಇಟ್ಕೋತಾರಾ? ಕೆಲಸಕ್ಕೆ ಸೇರುವಾಗ ಮೊದಲು ಕೇಳಿದ ಪ್ರಶ್ನೇನೇ ಅದು."

ಅಷ್ಟರಲ್ಲಿ ಬಾಗಿಲು ಸರಿಯಿತು. ಪಕ್ಕದ ಮನೆಯ ತೊಮೆ ಅಜ್ಜಿ ನಿಂತಿದ್ದರು. ಕೈಯಲ್ಲಿ ಬೆಂಕಿಯಲ್ಲಿ ಸುಟ್ಟ ಉದ್ದನೆಯ ಈರುಳ್ಳಿ ದಂಟು.

"ಗೋಡೆ ಅಲ್ಲಾಡ್ತಿತ್ತು. ಭೂಕಂಪ ಅಂತ ಮೇಜಿನ ಕೆಳಗೆ ಕೂತ್ಕೊಂಡೆ. ಆಮೇಲೆ ಗೊತ್ತಾಯ್ತು, ನಮ್ಮ ಓಗುನೀದು ಮೂಗು ಅಂತ," ಎಂದು ಹೇಳುತ್ತಲೇ ಅಜ್ಜಿ ದಂಟನ್ನು ಟವೆಲಿನಲ್ಲಿ ಸುತ್ತಿ ಅವನ ಕುತ್ತಿಗೆಗೆ ಬಿಗಿದು ಕಟ್ಟಿದರು. ತಮ್ಮ ಹಳೇ ಕಾಲದ ಅಂಗಿಯ ಅಗಲವಾದ ತೋಳಿನೊಳಗಿಂದ ಎರಡು ಉಪ್ಪು ಹುಳಿ ಪ್ಲಮ್ ಹಣ್ಣು ತೆಗೆದು ಎರಡೂ ಕಣತಲೆಗೆ ಮೆತ್ತಿದರು. "ಅಲ್ಲಾಡ್ಬೇಡ. ನಮ್ಮ ಯಜಮಾನರಿಗೂ ಇದೇ ಮಾಡಿದ್ದೆ."

"ವಾಸಿ ಆಯ್ತಾ ಅಜ್ಜಿ?"

"ಇಲ್ಲ, ತೀರಿಕೊಂಡ್ರು. ಆದ್ರೆ ಮೂಗು ಮಾತ್ರ ಕಟ್ಟಿರ್ಲಿಲ್ಲ."

ಓಗುನಿ ಸೈಕಲ್ ಹತ್ತಿದ. ಸುಮಿಯೆ ಮಾಸ್ಕು ಹಿಡಿದುಕೊಂಡು ಬೀದಿಯ ತಿರುವಿನವರೆಗೂ ಓಡಿ ಬಂದಳು. ಅವನು ಹಾಕಿಕೊಳ್ಳಲಿಲ್ಲ. ಈ ತಿಂಗಳಲ್ಲಿ ಮಾಸ್ಕು ಹಾಕಿಕೊಂಡು ಭಟ್ಟಿಯ ಗೇಟು ದಾಟುವುದೂ ಒಂದೇ, ನನ್ನ ಮೂಗು ಕೆಟ್ಟಿದೆ ಎಂದು ಬೋರ್ಡು ತಗಲಿಸಿಕೊಂಡು ಹೋಗುವುದೂ ಒಂದೇ.

ಭಟ್ಟಿಯ ದಾರಿ ಇಡೀ ದೇವದಾರು ಮರಗಳ ನಡುವೆ. ಗಾಳಿ ಬೇರೆ ಎದ್ದಿತ್ತು. ಗೇಟಿನ ಹತ್ತಿರ ದಂಟನ್ನು ಕಿತ್ತು ಪೊದೆಗೆ ಎಸೆಯುವ ಹೊತ್ತಿಗೆ ಅವನ ಕಣ್ಣುಗಳು ಕೆಂಡದಂತಾಗಿದ್ದವು. ನೀರು ಧಾರಾಕಾರ ಹರಿಯುತ್ತಿತ್ತು.

ಸ್ವಾಗತದ ಮೇಜಿನಲ್ಲಿ ಕಿಯೋಮಿ ಕೂತಿದ್ದಳು. ಭಟ್ಟಿ ನೋಡಲು ಬಂದ ಪ್ರವಾಸಿಗಳಿಗೆ ವಿವರಣೆ ಕೊಡುವ ಹುಡುಗಿ. ಪ್ರವಾಸಿಗಳಿಲ್ಲದಾಗ ಭಟ್ಟಿಯವರಿಗೇ ಭಟ್ಟಿಯ ಸುದ್ದಿ ಹಂಚುವವಳು.

"ಅಯ್ಯೋ ಓಗುನಿ ಸಾನ್! ಅಳ್ತಾ ಇದೀರಾ?"

ಓಗುನಿ ಕಣ್ಣೊರೆಸಿಕೊಂಡ. "ಅದು... ಗುರುಗಳು ಈವತ್ತು..." ಎಂದು ತೊದಲಿದ.

"ಗುರುಗಳು ಹೋಗ್ತಿದಾರೆ ಅಂತ ಅಲ್ವಾ? ಮನೆಯಿಂದ ಅತ್ತುಕೊಂಡೇ ಬಂದಿದೀರಾ?" ಕಿಯೋಮಿಯ ಕಣ್ಣೂ ತುಂಬಿತು. "ತಲೆನೋವು ಬೇರೆ ಬರಿಸ್ಕೊಂಡಿದೀರಿ, ಕಣತಲೆಗೆ ಪ್ಲಮ್ ಹಚ್ಕೊಂಡು... ಈ ಕಾಲದಲ್ಲಿ ಇಂಥ ಶಿಷ್ಯ ಎಲ್ಲಿ ಸಿಗ್ತಾರೆ!"

ಅವನು ಅಂಗಳ ದಾಟುವ ಮುಂಚೆ ಸುದ್ದಿ ದಾಟಿತು. ತಾಮ್ರದ ಹಂಡೆಗಳ ಮನೆಯಿಂದ ನಾಲ್ಕು ಜನ ಬೆವರೊರೆಸಿಕೊಳ್ಳುತ್ತಾ ಬಂದು ಅವನ ಬೆನ್ನು ತಟ್ಟಿದರು. ಕ್ಯಾಂಟೀನಿನ ಅಡುಗೆಯ ಹೆಂಗಸು ಸೌಟು ಹಿಡಿದೇ ಓಡಿ ಬಂದು, "ಅಳು ಕಣಪ್ಪಾ, ಅತ್ತು ಹಗುರ ಮಾಡ್ಕೋ," ಎಂದು ತಾನೂ ಅತ್ತಳು. ಓಗುನಿ ಪ್ರತಿ ಸೀನನ್ನೂ ಬಿಕ್ಕಳಿಕೆಯಂತೆ ನುಂಗಿದ. ಅದನ್ನು ನೋಡಿ ಇನ್ನಿಬ್ಬರು ಅತ್ತರು. ಅವನು ಪೀಪಾಯಿಗಳ ಷೆಡ್ಡು ಸೇರುವ ಹೊತ್ತಿಗೆ ಹನಾವ ಭಟ್ಟಿ ಸಾವಿನ ಮನೆಯಂತಾಗಿತ್ತು.

ಷೆಡ್ಡಿನಲ್ಲಿ ಬಾನ್‌ಗೊ ಒಂದು ಪೀಪಾಯಿಗೆ ಕಬ್ಬಿಣದ ಪಟ್ಟಿ ಬಡಿಯುತ್ತಿದ್ದ. ಪೀಪಾಯಿ ಕಟ್ಟುವುದು, ಸೋರಿದರೆ ರಿಪೇರಿ ಮಾಡುವುದು ಅವನ ಕೆಲಸ. ಬೋಳುತಲೆ, ತಲೆಗೆ ಯಾವಾಗಲೂ ನೀಲಿ ಬಟ್ಟೆ ಕಟ್ಟಿಕೊಂಡಿರುತ್ತಾನೆ. ಓಗುನಿಯನ್ನು ಒಮ್ಮೆ ನೋಡಿದ. ಸುತ್ತಿಗೆ ಕೆಳಗಿಟ್ಟ.

"ನನ್ನ ಹತ್ರ ನಾಟಕ ಬೇಡ. ಪರಾಗ ತಾನೇ?"

"ಮೆಲ್ಲಗೆ ಮಾತಾಡೋ!"

"ಏನಾದ್ರೂ ವಾಸನೆ ಬರ್ತಿದೆಯಾ?" ಎಂದು ಬಾನ್‌ಗೊ ತನ್ನ ಕಾಲುಚೀಲವನ್ನೇ ತೆಗೆದು ಅವನ ಮೂಗಿಗೆ ಹಿಡಿದ. ಓಗುನಿ ಶಾಂತವಾಗಿ ಉಸಿರೆಳೆದುಕೊಂಡ. ಬಾನ್‌ಗೊ ಗಾಬರಿಯಾದ. "ಇದಕ್ಕೂ ಬರ್ಲಿಲ್ಲ ಅಂದ್ರೆ ಪರಿಸ್ಥಿತಿ ಕೈ ಮೀರಿದೆ. ತಡಿ, ಮದ್ದಿದೆ."

ಮದ್ದು ಅವನ ಊಟದ ಡಬ್ಬಿಯಲ್ಲಿತ್ತು. ಮೀನಿಗೆ ಹಚ್ಚಿಕೊಳ್ಳಲೆಂದು ಹೆಂಡತಿ ಇಟ್ಟಿದ್ದ ಮೂಗಿಗೇರುವಷ್ಟು ಖಾರದ ಹಸಿರು ವಸಾಬಿಯ ಉಂಡೆ. ಗೋಲಿ ಗಾತ್ರದ್ದನ್ನು ಬಾನ್‌ಗೊ ಅವನ ಬಾಯಿಗೆ ಒತ್ತಿ ದವಡೆ ಮುಚ್ಚಿದ. ಓಗುನಿ ನಿಂತಲ್ಲೇ ಎರಡು ಸುತ್ತು ತಿರುಗಿದ. ಗೋಡೆ ತಡಕಿದ. ಮೂಗಿನಿಂದ, ಕಣ್ಣಿನಿಂದ, ಕಿವಿಯಿಂದಲೂ ಏನೋ ಹರಿದಂತಾಯಿತು.

"ಈಗ ಬಂತಾ ವಾಸನೆ?"

"ನಮ್ಮ ತಾತ ಕಾಣಿಸಿದ್ರು," ಎಂದ ಓಗುನಿ ಏದುಸಿರು ಬಿಡುತ್ತ. "ವಾಸನೆ ಬರ್ಲಿಲ್ಲ."

"ಹಾಗಾದ್ರೆ ಕಣ್ಣಿಂದ ಮೂಸು." ಬಾನ್‌ಗೊ ಪೀಪಾಯಿಯ ಮೇಲೆ ಕೂತು ಉಪಾಯ ಹೇಳಿದ. "ಐದು ಪೀಪಾಯಿಂದ ವಿಸ್ಕಿ ತೆಗೆದಿಟ್ಟಿರೋನು ನಾನೇ. ಷೆರಿ ವೈನ್ ತುಂಬಿದ್ದ ಪೀಪಾಯಿದು ಒಂದು, ಅಮೆರಿಕದ್ದು ಒಂದು, ಪ್ಲಮ್ ಮದ್ಯ ತುಂಬಿದ್ದ ಪೀಪಾಯಿದು ಒಂದು, ನಮ್ಮ ಗುಡ್ಡದ ಮಿಜುನಾರಾ ಮರದ್ದು ಒಂದು. ಗುರುಗಳಿಗೆ ಬೇಕಾಗಿರೋದು ಮಿಜುನಾರಾದ್ದೇ. ಅದರಲ್ಲಿ ದೇವಸ್ಥಾನದ ಧೂಪದ ವಾಸನೆ ಬರುತ್ತೆ ಅಂತ ದಿನಾ ಹೋಗಿ ಆ ಪೀಪಾಯಿ ಬೆನ್ನು ಸವರಿ ಬರ್ತಾರೆ."

"ಐದನೇದು?"

"ಅದು ಬಿಡು. ಅದನ್ನ ಹೇಗಿದ್ರೂ ಯಾರೂ ಆರಿಸಲ್ಲ. ಈಗ ಕೇಳು. ಯಾವ ಗ್ಲಾಸು ಎಲ್ಲಿಡ್ಬೇಕು ಅಂತ ಮಾಲಕಿ ಅಮ್ಮಾವ್ರು ಕೊನೇ ಗಳಿಗೇಲಿ ಹೇಳ್ತಾರೆ. ಇಟ್ಟು ಬರೋನು ನಾನು. ಆಮೇಲೆ ಕಿಟಕಿ ಹೊರಗೆ ಗಿಡ ಕತ್ತರಿಸ್ತಾ ನಿಂತಿರ್ತೀನಿ. ನೀನು ಒಂದೊಂದೇ ಗ್ಲಾಸು ಎತ್ತು. ಮಿಜುನಾರಾದ್ದು ಎತ್ತಿದ ತಕ್ಷಣ ನಾನು ತಲೆಬಟ್ಟೆ ಬಿಚ್ತೀನಿ. ಬೋಳುತಲೆ ಕಂಡಿತೋ, ಅದೇ ಗ್ಲಾಸು."

ಓಗುನಿ ಸ್ನೇಹಿತನ ಎರಡೂ ಕೈ ಹಿಡಿದುಕೊಂಡ. ಈ ಬಾರಿ ಬಂದ ಕಣ್ಣೀರು ಪರಾಗದ್ದಲ್ಲ.

ಪರೀಕ್ಷೆಯ ಕೋಣೆಯಲ್ಲಿ ಉದ್ದನೆಯ ಬಿಳಿ ಮೇಜು. ಅದರ ಮೇಲೆ ಬಣ್ಣ ಕಾಣದಂಥ ಕಡುನೀಲಿ ಗ್ಲಾಸುಗಳು ಐದು. ಮೇಜಿನ ಆಚೆ ಭಟ್ಟಿಯ ಮಾಲಕಿ ಮಿತ್ಸುಯೊ ಹನಾವ ಕೂತಿದ್ದರು. ಗಂಡ ತೀರಿಕೊಂಡ ಮೇಲೆ ಭಟ್ಟಿಯನ್ನು ನಡೆಸುತ್ತಿರುವವರು ಅವರೇ. ಒಬ್ಬರನ್ನೂ ಗದರಿಸಿದವರಲ್ಲ, ಎಲ್ಲರಿಗೂ ತಾವೇ ಮೊದಲು ಬಗ್ಗಿ ನಮಸ್ಕರಿಸುವವರು. ಪಕ್ಕದಲ್ಲಿ ತೊಕುಮಾರು. ಅವರ ಮೂಗು ಬಾನ್‌ಗೊನ ಸುತ್ತಿಗೆಯ ಹಿಡಿಯಷ್ಟು ನೀಳವಾಗಿತ್ತು. ಗುಡ್ಡದಾಚೆ ಮಳೆ ಬಂದರೆ ಈಚೆ ಆ ಮೂಗಿಗೆ ಗೊತ್ತಾಗುತ್ತದೆ ಎಂದು ಭಟ್ಟಿಯ ಜನ ಹೇಳುತ್ತಿದ್ದರು.

"ಬೆಳಿಗ್ಗೆಯಿಂದ ನೀವು ಅಳ್ತಾ ಇದೀರಂತೆ," ಎಂದರು ಮಾಲಕಿ ಮೃದುವಾಗಿ. "ದುಃಖ ತಡೆದು ಕೆಲಸ ಮಾಡೋದು ಸುಲಭ ಅಲ್ಲ."

ಓಗುನಿ ಬಗ್ಗಿ ನಮಸ್ಕರಿಸಿದ. ಮೂಗಿನಿಂದ ಒಂದು ಹನಿ ನೆಲಕ್ಕೆ ಬಿತ್ತು. ಮಾಲಕಿ ಅದನ್ನೂ ಕಣ್ಣೀರೆಂದುಕೊಂಡು ನಿಟ್ಟುಸಿರು ಬಿಟ್ಟರು.

ತೊಕುಮಾರು ಐದೂ ಗ್ಲಾಸುಗಳನ್ನು ಒಂದೊಂದಾಗಿ ಎತ್ತಿ, ಕಣ್ಣು ಮುಚ್ಚಿ, ಧ್ಯಾನಕ್ಕೆ ಕೂತವರಂತೆ ಮೂಸಿದರು. ಪ್ರತಿಯೊಂದಕ್ಕೂ "ಹೂಂ" ಎಂದರು. ಒಂದು ಹೂಂಗೂ ಇನ್ನೊಂದು ಹೂಂಗೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಹಿಂದಕ್ಕೆ ಒರಗಿ, "ಮೊದಲು ನೀನು ಹೇಳು ಓಗುನಿ. ಆಮೇಲೆ ನಾನು," ಎಂದು ಅವನ ಮುಖವನ್ನೇ ನೆಟ್ಟ ನೋಟದಿಂದ ನೋಡುತ್ತಾ ಕೂತರು.

ಕಿಟಕಿಯಾಚೆ ಬಾನ್‌ಗೊ ದೊಡ್ಡ ಕತ್ತರಿ ಹಿಡಿದು ಮಾಲಕಿಯ ಮೆಚ್ಚಿನ ಕಮೀಲಿಯಾ ಗಿಡವನ್ನು ಕಂಡಾಬಟ್ಟೆ ಸವರುತ್ತಿದ್ದ. ಓಗುನಿ ಮೊದಲ ಗ್ಲಾಸು ಎತ್ತಿದ. ಮೂಸಿದ. ಗಾಜಿನ ತಣುಪು ಬಿಟ್ಟು ಬೇರೇನೂ ಇಲ್ಲ. ಒಂದು ಗುಟುಕು ಕುಡಿದ; ಬೆಂಕಿ ನುಂಗಿದ ಹಾಗಾಯಿತು, ರುಚಿ ಸಿಗಲಿಲ್ಲ. ಕಿಟಕಿಯತ್ತ ನೋಡಿದ. ಬಟ್ಟೆ ತಲೆಯ ಮೇಲೇ ಇತ್ತು.

ಎರಡನೇ ಗ್ಲಾಸು ಎತ್ತಿದ.

ಅದೇ ಹೊತ್ತಿಗೆ ಗುಡ್ಡದಿಂದ ಭರ್ರನೆ ಗಾಳಿ ಬೀಸಿತು. ಬಾನ್‌ಗೊನ ತಲೆಬಟ್ಟೆ ಗಾಳಿಪಟದಂತೆ ಹಾರಿ ದೇವದಾರಿನ ಕೊಂಬೆಗೆ ಸಿಕ್ಕಿಕೊಂಡಿತು. ಬೆಳಗಿನ ಬಿಸಿಲಲ್ಲಿ ಬೋಳುತಲೆ ಹೊಸ ತಾಮ್ರದ ಹಂಡೆಯಂತೆ ಥಳಥಳಿಸಿತು.

"ಇದೇ!" ಎಂದು ಕೂಗಿದ ಓಗುನಿ. ಗ್ಲಾಸುಗಳು ಝಣಗುಟ್ಟಿದವು.

ಹೊರಗೆ ಬಾನ್‌ಗೊ ಎರಡೂ ಕೈ ಬೀಸಿದ. ಕುಣಿದ. ಕತ್ತರಿಯನ್ನು ತನ್ನ ಕುತ್ತಿಗೆಗೇ ಹಿಡಿದು ತೋರಿಸಿದ. ಎಂಥ ಸ್ನೇಹಿತ, ನನ್ನ ಗೆಲುವಿಗೆ ಎಷ್ಟು ಹಿಗ್ಗುತ್ತಿದ್ದಾನೆ ಎಂದುಕೊಂಡು ಓಗುನಿ ಅವನತ್ತ ಮುಗುಳ್ನಕ್ಕ.

ತೊಕುಮಾರು ಎರಡನೇ ಗ್ಲಾಸನ್ನು ಮತ್ತೊಮ್ಮೆ ಎತ್ತಿದರು. ಕಣ್ಣು ಮುಚ್ಚಿದರು. "ಮಳೆ ನಿಂತ ಮೇಲೆ ಹಳೇ ದೇವಸ್ಥಾನದ ಬಾಗಿಲು ತೆಗೆದ ಹಾಗಿದೆ," ಎಂದರು. "ಧೂಪ. ಗಂಧ. ಅಜ್ಜಿಯ ಮರದ ಪೆಟ್ಟಿಗೆ. ಅಮ್ಮಾವ್ರೇ, ಇದಕ್ಕಿಂತ ಒಳ್ಳೇ ಪೀಪಾಯಿ ನಮ್ಮಲ್ಲಿಲ್ಲ. ನನ್ನ ಕುರ್ಚಿಗೆ ಇವನಿಗಿಂತ ಒಳ್ಳೇ ಮನುಷ್ಯನೂ ಇಲ್ಲ."

ಮಾಲಕಿ ಎದ್ದು ನಿಂತು ಬಗ್ಗಿದರು. "ಎಲ್ಲರನ್ನೂ ಕ್ಯಾಂಟೀನಿಗೆ ಕರೀತೀನಿ. ಆ ಪೀಪಾಯಿಂದಲೇ ಒಂದೊಂದು ಗುಟುಕು ಎಲ್ಲರಿಗೂ ಕೊಡೋಣ," ಎಂದು ಗ್ಲಾಸನ್ನೂ ಎತ್ತಿಕೊಂಡು ಹುಡುಗಿಯಂತೆ ಹೊರಗೆ ಓಡಿದರು.

ಬಾಗಿಲು ಮುಚ್ಚಿದ ಮೇಲೆ ತೊಕುಮಾರು ಓಗುನಿಯ ಹೆಗಲ ಮೇಲೆ ಕೈ ಇಟ್ಟರು.

"ಇನ್ನು ನೀನೇ ಯಜಮಾನ. ಒಂದು ಗುಟ್ಟು ಹೇಳಿಬಿಡ್ತೀನಿ, ಎದೆ ಮೇಲಿನ ಭಾರ ಇಳಿಯುತ್ತೆ. ನನಗೆ ವಾಸನೆ ಬರೋದು ನಿಂತು ಒಂಬತ್ತು ವರ್ಷ ಆಯ್ತು."

"ಆಂ?"

"ಪರಾಗ ಕಣಯ್ಯಾ. ಮೊದಲು ಮಾರ್ಚಿನಲ್ಲಿ ಮಾತ್ರ ಹೋಗ್ತಿತ್ತು. ಆಮೇಲೆ ಹೋದದ್ದು ವಾಪಸ್ಸು ಬರಲೇ ಇಲ್ಲ."

"ಹಾಗಾದ್ರೆ ಇಷ್ಟು ವರ್ಷ ಹೇಗೆ..."

"ನಿನ್ನ ಮುಖ ನೋಡಿ! ಒಳ್ಳೇ ವಿಸ್ಕಿ ಮೂಸಿದ್ರೆ ನಿನ್ನ ಎಡಗಡೆ ಹುಬ್ಬು ಮೇಲೆ ಹೋಗುತ್ತೆ. ಕೆಟ್ಟದ್ದಾದ್ರೆ ತುಟಿ ವಕ್ರ ಆಗುತ್ತೆ. ನಿನ್ನ ಮುಖ ಓದಿ ಓದಿ ಮೂರು ಪ್ರಶಸ್ತಿ ಗೆದ್ದೆ." ತೊಕುಮಾರು ಹುಬ್ಬು ಗಂಟಿಕ್ಕಿದರು. "ಆದ್ರೆ ಈವತ್ತು ಹುಬ್ಬು ಏಳಲೇ ಇಲ್ವಲ್ಲ? ನೀನು ಅಷ್ಟು ಜೋರಾಗಿ ಕೂಗಿದ್ದಕ್ಕೆ ನಾನೂ ಧೈರ್ಯವಾಗಿ ಧೂಪ, ಗಂಧ ಎಲ್ಲ ಹೇಳಿಬಿಟ್ಟೆ."

ಓಗುನಿ ಗುರುಗಳ ಕೈ ಹಿಡಿದುಕೊಂಡ. "ಗುರುಗಳೇ, ನನಗೂ ಈವತ್ತು ಬೆಳಿಗ್ಗೆಯಿಂದ ವಾಸನೆ ಬರ್ತಿಲ್ಲ."

ಇಬ್ಬರೂ ಪರಸ್ಪರರ ಮೂಗು ನೋಡುತ್ತಾ ನಿಂತರು. ಆಗ ಬಾಗಿಲು ದಡಾರೆಂದು ತೆರೆದು ಬಾನ್‌ಗೊ ಒಳಗೆ ಬಂದು ಬಿದ್ದ.

"ಅಯ್ಯೋ ಪುಣ್ಯಾತ್ಮ! ನಾಲ್ಕನೇದು! ಮಿಜುನಾರಾದ್ದು ನಾಲ್ಕನೇದು! ನಾನು ಅಷ್ಟು ಬಾಯಿ ಬಾಯಿ ಬಡ್ಕೊಂಡ್ರೆ ನೀನು ಹಲ್ಲು ಕಿರೀತೀಯಲ್ಲೋ!"

"ಎರಡನೇದು ಯಾವುದು?" ಎಂದರು ತೊಕುಮಾರು.

ಬಾನ್‌ಗೊ ಮೇಜಿನ ಕಾಲಿಗೆ ಉತ್ತರ ಹೇಳಿದ. "ಅದು ಗೋಡೌನಿನ ಮೂಲೆಯ ಹಳೇ ಪೀಪಾಯಿ, ಗುರುಗಳೇ. ಹಿಂದೊಂದು ಸಲ ಸೋರೋಕೆ ಶುರುವಾಯ್ತು. ಒಣಗಿದ ಹಲಗೆ ಕೈಯಲ್ಲಿರ್ಲಿಲ್ಲ. ನಮ್ಮಮ್ಮನ ಹಳೇ ತೊಟ್ಟಿ ಒಂದಿತ್ತು, ಗಟ್ಟಿ ಮರ. ಅದರದ್ದೇ ನಾಲ್ಕು ಹಲಗೆ ಕಿತ್ತು ಹಾಕ್ಬಿಟ್ಟೆ."

"ಎಂಥ ತೊಟ್ಟಿ?"

"ಮೂಲಂಗಿ ಉಪ್ಪಿನಕಾಯಿ ಹಾಕ್ತಿದ್ದ ತೊಟ್ಟಿ."

ತೊಕುಮಾರು ಕುರ್ಚಿಯ ಮೇಲೆ ಕುಸಿದರು. "ಅಜ್ಜಿಯ ಮರದ ಪೆಟ್ಟಿಗೆ ಅಂದೆನಲ್ಲೋ!"

"ಅಮ್ಮಾವ್ರು ಹಳೇದು ಅಂತ ಅದನ್ನೂ ಐದರಲ್ಲಿ ಸೇರಿಸಿದ್ರು. ಬೇಡ ಅಂದ್ರೆ ಯಾಕೆ ಅಂತ ಕೇಳ್ತಿದ್ರು. ನೀವಿಬ್ಬರು ಮೂಸಿದ ತಕ್ಷಣ ತಳ್ಳಿ ಹಾಕ್ತೀರಿ ಅಂತ ಧೈರ್ಯವಾಗಿದ್ದೆ."

ಮೂವರೂ ಕ್ಯಾಂಟೀನಿನತ್ತ ಓಡಿದರು. ಮುಂದೆ ಓಗುನಿ, ನಡುವೆ ಬಾನ್‌ಗೊ, ಹಿಂದೆ ಸೊಂಟ ಹಿಡಿದುಕೊಂಡು ತೊಕುಮಾರು. ಆದರೆ ಅಲ್ಲಿ ಆಗಲೇ ಇಡೀ ಭಟ್ಟಿ ನೆರೆದಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಪುಟ್ಟ ಲೋಟ, ಲೋಟದಲ್ಲಿ ಒಂದು ಗುಟುಕು. ಓಗುನಿಯನ್ನು ಕಂಡದ್ದೇ ಚಪ್ಪಾಳೆ ಮೊಳಗಿತು. ಕಿಯೋಮಿ ಮತ್ತೆ ಅಳಲು ಶುರುಮಾಡಿದಳು.

"ಈವತ್ತಿನಿಂದ ಓಗುನಿಯವರೇ ನಮ್ಮ ಮುಖ್ಯ ಬ್ಲೆಂಡರ್," ಎಂದು ಮಾಲಕಿ ಸಾರಿದರು. "ಈ ಬಾಟಲಿ ಮೇಲೆ ಅವರ ಹೆಸರೇ ಇರುತ್ತೆ. ಟೋಕಿಯೊದ ಅಂಗಡಿಯವರಿಗೂ ಈಗಷ್ಟೇ ಫೋನು ಮಾಡಿ ಹೇಳಿದೆ."

ಹನ್ನೆರಡು ವರ್ಷ ಕನಸು ಕಂಡ ಮಾತು ಅದು. ಆ ಗಳಿಗೆಗೇ ಓಗುನಿಗೆ ಸೀನು ಬಂತು. ಬೆಳಿಗ್ಗೆಯಿಂದ ನುಂಗಿದ ಸೀನುಗಳೆಲ್ಲ ಒಟ್ಟಾಗಿ ಬಂದಂಥ ಸೀನು. ಮುಂದಿನ ಸಾಲಿನವರ ಟೋಪಿಗಳು ಹಾರಿದವು. ಅವನ ಮೂಗಿನೊಳಗೆ ಏನೋ ಟಪ್ಪೆಂದು ಬಿಟ್ಟಿತು. ಅಣೆಕಟ್ಟಿನ ಬಾಗಿಲು ತೆಗೆದಂತೆ ವಾಸನೆಗಳು ಒಳಗೆ ನುಗ್ಗಿದವು. ಅಡುಗೆಮನೆಯ ಅನ್ನ, ಬಾನ್‌ಗೊನ ಕಾಲುಚೀಲ, ತನ್ನದೇ ಕುತ್ತಿಗೆಗೆ ಅಂಟಿದ್ದ ಸುಟ್ಟ ಈರುಳ್ಳಿ. ಎಲ್ಲವನ್ನೂ ಹಿಂದಕ್ಕೆ ತಳ್ಳಿ, ಎಲ್ಲ ಲೋಟಗಳಿಂದಲೂ ಎದ್ದು, ಸೂರಿನವರೆಗೂ ತುಂಬಿ ನಿಂತಿತ್ತು ಮೂಲಂಗಿ. ಅಟ್ಟದ ಮೇಲೆ ಮರೆತು ಮೂರು ಬೇಸಿಗೆ ಕಳೆದ ಮೂಲಂಗಿ ಉಪ್ಪಿನಕಾಯಿ.

ಅವನು ಧೈರ್ಯ ಮಾಡಿದ. ಇನ್ನು ಮುಚ್ಚಿಟ್ಟರೆ ಟೋಕಿಯೊವರೆಗೂ ನಾರುತ್ತದೆ.

"ಅಮ್ಮಾವ್ರೇ, ಕ್ಷಮಿಸಿ. ನಾನು ಈ ಕುರ್ಚಿಗೆ ತಕ್ಕವನಲ್ಲ. ನನಗೆ ವಾಸನೆಯೇ ಗೊತ್ತಾಗ್ಲಿಲ್ಲ. ಸುಮ್ನೆ ಒಂದು ಗ್ಲಾಸು ತೋರಿಸ್ಬಿಟ್ಟೆ."

ಮಾಲಕಿಯ ಕಣ್ಣಲ್ಲಿ ನೀರು ತುಂಬಿತು. ಅವರು ಜನರತ್ತ ತಿರುಗಿದರು.

"ಕೇಳಿದ್ರಾ? ಒಂಬತ್ತು ವರ್ಷದ ಹಿಂದೆ ತೊಕುಮಾರು ಅವರೂ ನನ್ನ ಮುಂದೆ ನಿಂತು ಇದೇ ಮಾತು ಹೇಳಿದ್ರು. 'ನನಗೆ ವಾಸನೆಯೇ ಗೊತ್ತಾಗಲ್ಲ, ಬಿಟ್ಬಿಡಿ' ಅಂದ್ರು. ನಾನು ಬಿಡ್ಲಿಲ್ಲ. ಆಮೇಲೆ ಮೂರು ಪ್ರಶಸ್ತಿ ತಂದುಕೊಟ್ರು. ದೊಡ್ಡವರ ವಿನಯ ಅಂದ್ರೆ ಇದು!"

ಚಪ್ಪಾಳೆ ಇಮ್ಮಡಿಯಾಯಿತು. ಓಗುನಿ ಗುರುಗಳತ್ತ ನೋಡಿದ. "ನಾನೂ ಪ್ರಯತ್ನಪಟ್ಟಿದ್ದೆ ಕಣಪ್ಪಾ," ಎಂಬಂತೆ ತೊಕುಮಾರು ತಲೆಯಾಡಿಸಿದರು.

ಎಲ್ಲರೂ ಲೋಟ ಎತ್ತಿ ಕುಡಿದರು. ಹಂಡೆ ಮನೆಯ ದೊಡ್ಡಾಳಿನ ಒಂದು ಕಣ್ಣು ಮುಚ್ಚಿಕೊಂಡಿತು. ಕಿಯೋಮಿ ಗೋಡೆಯತ್ತ ತಿರುಗಿದಳು. ಅಡುಗೆಯ ಹೆಂಗಸು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು, ಬೇರೆ ದಾರಿ ಕಾಣದೆ ನುಂಗಿದಳು. ಆಮೇಲೆ ಒಬ್ಬೊಬ್ಬರೂ ತೊಕುಮಾರು ಅವರ ಮುಖ ನೋಡಿದರು, ಓಗುನಿಯ ಮುಖ ನೋಡಿದರು.

"ಗಹನವಾಗಿದೆ," ಎಂದ ದೊಡ್ಡಾಳು.

"ತುಂಬಾ ಗಹನ," ಎಂದಳು ಅಡುಗೆಯವಳು. "ನಮ್ಮಂಥವರಿಗೆ ಒಂದೇ ಗುಟುಕಿಗೆ ಅರ್ಥ ಆಗೋದಲ್ಲ."

"ಬಾನ್‌ಗೊ ಸಾನ್, ಆ ಪೀಪಾಯಿ ಕಟ್ಟಿದ ಕೈ ನಿಮ್ಮದೇ ಅಲ್ವಾ?" ಎಂದರು ಮಾಲಕಿ. "ಅಂಥವೇ ಇನ್ನೂ ಒಂದಷ್ಟು ಕಟ್ಟಿಕೊಡಿ."

ಬಾನ್‌ಗೊನ ಮುಖ ಬಿಳಿಚಿತು. ಊರಿನಲ್ಲಿ ಅಷ್ಟು ಉಪ್ಪಿನಕಾಯಿ ತೊಟ್ಟಿಗಳು ಯಾರ್‍ಯಾರ ಮನೆಯಲ್ಲಿವೆ ಎಂದು ಅವನು ಆಗಲೇ ಲೆಕ್ಕ ಹಾಕುತ್ತಿದ್ದ.

ಜನ ಚದುರಿದ ಮೇಲೆ ಮಾಲಕಿ ಓಗುನಿಯನ್ನು ಪಕ್ಕಕ್ಕೆ ಕರೆದರು. ಯಾರಿಗೂ ಕೇಳದಂತೆ ದನಿ ತಗ್ಗಿಸಿದರು. "ನಗಬೇಡಿ. ಕುಡಿದಾಗ ನನಗೆ ಏನನ್ನಿಸ್ತು ಗೊತ್ತಾ? ಮೂಲಂಗಿ ಉಪ್ಪಿನಕಾಯಿ! ನೀವು ದೊಡ್ಡವರು ಧೂಪ, ಗಂಧ ಅಂತಿದ್ರೆ ನನ್ನ ಮೂಗಿಗೆ ಮೂಲಂಗಿ. ಎಂಥ ಪಾಮರಳು ನೋಡಿ ನಾನು."

ಓಗುನಿಗೆ ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. "ಅಮ್ಮಾವ್ರೇ, ನೀವು ಹೇಳಿದ್ದೇ ಸರಿ! ಅದು ಮೂಲಂಗೀನೇ! ಆಣೆಗೂ ಮೂಲಂಗಿ!"

ಮಾಲಕಿ ಅವನನ್ನು ದಿಟ್ಟಿಸಿದರು. ಸೊಂಟದವರೆಗೂ ಬಗ್ಗಿ ನಮಸ್ಕರಿಸಿದರು.

"ನನಗೆ ಅವಮಾನ ಆಗ್ಬಾರ್ದು ಅಂತ ನಿಮ್ಮ ಮೂಗನ್ನೇ ಕೀಳು ಮಾಡ್ಕೋತಿದೀರಿ. ಈ ಋಣ ನಾನು ಮರೆಯಲ್ಲ ಓಗುನಿಯವರೇ. ಇನ್ಮುಂದೆ ಸಾಯೋವರೆಗೂ ನನ್ನ ಅಭಿಪ್ರಾಯ ಹೇಳಲ್ಲ. ನೀವು ಹೇಳಿದ್ದೇ ಕೊನೆ." ಕಣ್ಣೊರೆಸಿಕೊಂಡು ಒಳಗೆ ಹೋದರು.

ಓಗುನಿ ಅಂಗಳಕ್ಕೆ ಬಂದ. ಗುಡ್ಡದ ಕಡೆಯಿಂದ ಮತ್ತೆ ಗಾಳಿ ಬೀಸಿತು. ತೆರೆದಷ್ಟೇ ಬೇಗ ಅವನ ಮೂಗು ಮುಚ್ಚಿಕೊಂಡಿತು. ಅನ್ನ ಹೋಯಿತು, ಈರುಳ್ಳಿ ಹೋಯಿತು, ಮೂಲಂಗಿಯೂ ಹೋಯಿತು.

ತೊಕುಮಾರು ತಮ್ಮ ಟೋಪಿ ಹಾಕಿಕೊಂಡು ಹೊರಡಲು ಬಂದಿದ್ದರು. ನಿವೃತ್ತಿಯ ಹೂಗುಚ್ಛ ಅವರ ಕೈಯಲ್ಲಿತ್ತು. ಅಭ್ಯಾಸಕ್ಕೆ ಅದನ್ನೊಮ್ಮೆ ಮೂಸಿ "ಹೂಂ" ಎಂದರು.

"ಗುರುಗಳೇ, ನನ್ನನ್ನ ಹೀಗೆ ಬಿಟ್ಟು ಹೋಗ್ಬೇಡಿ," ಎಂದ ಓಗುನಿ ಅವರ ತೋಳು ಹಿಡಿದು. "ನೀವು ನನ್ನ ಮುಖ ನೋಡ್ಕೊಂಡು ಕಾಲ ಹಾಕಿದ್ರಿ. ನಾನು ಯಾರ ಮುಖ ನೋಡ್ಲಿ?"

ತೊಕುಮಾರು ಅತ್ತ ಇತ್ತ ನೋಡಿ ಅವನ ಕಿವಿಯ ಹತ್ತಿರ ಬಂದರು. "ಈ ಭಟ್ಟೀಲಿ ಈಗ ಕೆಲಸ ಮಾಡ್ತಿರೋ ಮೂಗು ಒಂದೇ ಒಂದು. ಮೂಲಂಗಿ ಅಂತ ಕಂಡುಹಿಡಿದೋರು ಯಾರು? ಅವರ ಮುಖ ನೋಡು." ಹೆಗಲು ತಟ್ಟಿ, ಬಿಡುಗಡೆಯಾದ ಕೈದಿಯಂತೆ ಸಿಳ್ಳೆ ಹಾಕುತ್ತಾ ಗೇಟು ದಾಟಿ ಹೋದರು.

ಓಗುನಿಗೆ ಜೀವ ಬಂದಂತಾಯಿತು. ಇಷ್ಟು ಸುಲಭದ ದಾರಿ ತನಗೇಕೆ ಹೊಳೆಯಲಿಲ್ಲ ಎಂದುಕೊಂಡ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ವಸಂತದ ಮಾರಾಟಕ್ಕೆ ಹೋಗುವ ವಿಸ್ಕಿಯ ಹದ ಈಗಲೇ ಗೊತ್ತುಮಾಡಬೇಕಿತ್ತು.

ಅವನು ಹೊಸ ಕುರ್ಚಿಯಲ್ಲಿ ಕೂತ. ಎದುರಿಗೆ ಮಾಲಕಿ ಕೂತರು. ನಡುವೆ ಎರಡು ನೀಲಿ ಗ್ಲಾಸುಗಳು. ಓಗುನಿ ಗುರುಗಳ ಹಾಗೆಯೇ ಕಣ್ಣು ಮುಚ್ಚಿ ಎರಡನ್ನೂ ಮೂಸಿದ. ಎರಡಕ್ಕೂ ಹೂಂ ಎಂದ. ಮಾಲಕಿಯೂ ಮೂಸಿದರು. ಓಗುನಿ ಮೆಲ್ಲಗೆ ಕಣ್ಣು ತೆರೆದು, ಹುಬ್ಬು ಏಳುತ್ತದೆಯೋ ತುಟಿ ವಕ್ರವಾಗುತ್ತದೆಯೋ ಎಂದು ಮಾಲಕಿಯ ಮುಖ ನೋಡಿದ.

ಮಾಲಕಿ ಎವೆಯಿಕ್ಕದೆ ಓಗುನಿಯ ಮುಖವನ್ನೇ ನೋಡುತ್ತಿದ್ದರು.